ಲಾಭ ಆ್ಯಪ್‌ನಲ್ಲಿದೆ, ದುಡ್ಡು ಯಾರ ಖಾತೆಯಲ್ಲಿದೆ?

ಪ್ರಶ್ನೆ: ನಾವು ಡೊಂಬಿವಲಿಯವರು. ಮಾವ ಫ್ಯಾಕ್ಟರಿ ಕೆಲಸದಿಂದ ನಿವೃತ್ತರು. ವಾಟ್ಸಾಪ್ ಗುಂಪಿನವರ ಮಾತು ನಂಬಿ ಷೇರು ವ್ಯವಹಾರದ ಒಂದು ಆ್ಯಪ್ ಹಾಕಿಕೊಂಡು, ಆರು ಸಲ ಒಟ್ಟು 4 ಲಕ್ಷ 80 ಸಾವಿರ ರೂಪಾಯಿ ಕಳಿಸಿದ್ದಾರೆ. ಆ್ಯಪ್‌ನಲ್ಲಿ ಈಗ 13 ಲಕ್ಷ ತೋರಿಸುತ್ತಿದೆ. ತೆಗೆಯಲು ಹೋದರೆ ಮೊದಲು ಶೇ 20 ತೆರಿಗೆ ಕಟ್ಟಿ ಅನ್ನುತ್ತಾರೆ. ಕಟ್ಟಬೇಕೇ? ಷೇರುಪೇಟೆಯ ನಿಯಂತ್ರಕ ಸೆಬಿಗೆ ದೂರು ಕೊಡಬಹುದೇ?

ಉತ್ತರ: ಇನ್ನೊಂದು ರೂಪಾಯಿಯನ್ನೂ ಕಳಿಸಬೇಡಿ. ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಬಂದು ಉಳಿದದ್ದನ್ನು ಓದಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಕಳ್ಳರ ಖಾತೆಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದನ್ನು ಬೇಗ ತಡೆಹಿಡಿಸುವ ದಾರಿ ಇದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಜಾರಿಹೋಗುತ್ತದೆ, ಹಾಗಾಗಿ ಕೊನೆಯದಾಗಿ ಕಳಿಸಿದ ಮೊತ್ತದ ವಿವರ ಮೊದಲು ಹೇಳಿ. ಪ್ರತಿ ಪಾವತಿಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್, ಕೈಯಲ್ಲಿರಲಿ.

ನೀವು ಕಳಿಸಿದ ಪಾಸ್‌ಬುಕ್ ಪುಟ ನೋಡಿದೆ. ಆರು ಪಾವತಿ, ಐದು ಬೇರೆ ಬೇರೆ ಖಾತೆ. ಒಂದು ಸೀರೆ ಅಂಗಡಿಯ ಹೆಸರಲ್ಲಿದೆ, ಇನ್ನೊಂದು ಟೈಲ್ಸ್ ವ್ಯಾಪಾರಿಯದು. ಷೇರು ಕೊಳ್ಳುವ ಹಣ ಸೀರೆ ಅಂಗಡಿಗೆ ಯಾಕೆ ಹೋಗಬೇಕು, ಅಲ್ವಾ? ಆ್ಯಪ್‌ನಲ್ಲಿರುವ 13 ಲಕ್ಷ ಬರೀ ಟೈಪ್ ಮಾಡಿದ ಅಂಕಿ.

ತೆರಿಗೆಯ ಮಾತೂ ಸುಳ್ಳು. ಇಲ್ಲಿ ವಾಸಿಸುವವರು ಪೇಟೆಯಲ್ಲಿ ಷೇರು ಮಾರಿದರೆ ಲಾಭದ ತೆರಿಗೆಯನ್ನು ತಾವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಅದನ್ನು ಮೊದಲು ನಮಗೆ ಕೊಟ್ಟು ಆಮೇಲೆ ಹಣ ತೆಗೆಯಿರಿ ಎಂದು ಯಾವ ನಿಜವಾದ ಬ್ರೋಕರೂ ಕೇಳುವುದಿಲ್ಲ. ಐಪಿಒ (ಕಂಪನಿ ಮೊದಲ ಸಲ ಜನರಿಗೆ ಮಾರುವ ಷೇರು) ಕೊಡಿಸುತ್ತೇವೆ ಎಂದು ಮುಂಗಡ ಹಣ ತರಿಸಿಕೊಳ್ಳುವುದೂ ಇದೇ ಜಾತಿಯ ಮೋಸ. ಐಪಿಒಗೆ ಅರ್ಜಿ ಹಾಕಿದರೆ, ಷೇರು ಸಿಗುವ ತನಕ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಬ್ಲಾಕ್ ಆಗಿರುತ್ತದೆ. ವಿದೇಶಿ ಹೂಡಿಕೆದಾರರ ಖಾತೆಯ ಮೂಲಕ ಕಡಿಮೆ ಬೆಲೆಗೆ ಷೇರು ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ ಎಂದು ಸೆಬಿ 2024ರಲ್ಲೇ ಎಚ್ಚರಿಸಿದೆ.

ಸೆಬಿಗೆ ತಿಳಿಸಿ, ಬೇಡ ಅನ್ನುವುದಿಲ್ಲ. ಆದರೆ ಸೆಬಿಯ ಸ್ಕೋರ್ಸ್ ತಾಣ ಇರುವುದು ನೋಂದಾಯಿತ ಬ್ರೋಕರ್, ಕಂಪನಿಗಳಂಥವರ ಮೇಲಿನ ದೂರಿಗೆ. ಹೆಸರು, ವಿಳಾಸ ಇಲ್ಲದ ಕಳ್ಳನಿಗೆ ಅಲ್ಲಿಂದ ನೋಟಿಸ್ ಹೋಗುವುದು ಹೇಗೆ? ನಿಮ್ಮದು ಪೊಲೀಸ್ ಕೇಸು. ಗುಂಪಿನ ಚಾಟ್ ಅಳಿಸಬೇಡಿ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ ಹೋಗಿ. ಇನ್ನು ಕೆಲವೇ ದಿನಗಳಲ್ಲಿ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೀಸ್ ಕೊಡಿ’ ಎಂದು ಯಾರಾದರೂ ಫೋನ್ ಮಾಡಬಹುದು. ಅವರೂ ಕಳ್ಳರೇ.

ಮಾವನವರನ್ನು ದಯವಿಟ್ಟು ಬೈಯಬೇಡಿ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಇನ್ನಷ್ಟು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ಮುಲುಂಡ್‌ನಲ್ಲಿದ್ದೇನೆ. ನನ್ನ ಬ್ರೋಕರ್ ಕಚೇರಿಯವರು ನನ್ನನ್ನು ಕೇಳದೆ ಎಫ್ ಆ್ಯಂಡ್ ಒ (ಫ್ಯೂಚರ್ಸ್, ಆಪ್ಷನ್ಸ್ ಎಂಬ ಅಪಾಯ ಹೆಚ್ಚಿರುವ ಒಪ್ಪಂದಗಳ) ವ್ಯವಹಾರ ಮಾಡಿ 70 ಸಾವಿರ ನಷ್ಟ ಮಾಡಿದ್ದಾರೆ. ‘ಡಿಡಿಪಿಐ ಅನುಮತಿ ಪತ್ರಕ್ಕೆ ಸಹಿ ಹಾಕಿದ್ದೀರಲ್ಲ’ ಅನ್ನುತ್ತಾರೆ.

ಉತ್ತರ: ಡಿಡಿಪಿಐ ಕೊಡುವ ಅನುಮತಿ ಬಹಳ ಚಿಕ್ಕದು. ನೀವು ಮಾರಿದ ಷೇರನ್ನು ನಿಮ್ಮ ಷೇರು ಖಾತೆಯಾದ ಡಿಮ್ಯಾಟ್‌ನಿಂದ ತೆಗೆಯಲು, ವ್ಯವಹಾರಕ್ಕೆ ಬೇಕಾದ ಭದ್ರತೆಗೆ (ಮಾರ್ಜಿನ್) ಒತ್ತೆ ಇಡಲು, ಇಂಥದ್ದಕ್ಕೆ ಮಾತ್ರ. ತಮಗೆ ತೋಚಿದಂತೆ ವ್ಯವಹಾರ ಮಾಡಲು ಅಲ್ಲ. ಆರ್ಡರ್ ಕೊಟ್ಟದ್ದು ನೀವೇ ಎಂಬುದಕ್ಕೆ ಫೋನ್ ರೆಕಾರ್ಡಿಂಗ್, ಇಮೇಲ್ ಅಥವಾ ಸಹಿಯಂಥ ಪುರಾವೆ ಅವರ ಬಳಿ ಇರಲೇಬೇಕು ಎಂದು ಸೆಬಿ 2018ರಲ್ಲಿ ಹೇಳಿದೆ. ಅದನ್ನೇ ಕೇಳಿ. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ. ವ್ಯವಹಾರದ ವಿವರ ಕೊಡುವ ಕಾಂಟ್ರ್ಯಾಕ್ಟ್ ನೋಟ್‌ಗಳಲ್ಲಿ ನೀವು ಒಪ್ಪದ ಸಾಲುಗಳನ್ನು ಗುರುತು ಹಾಕಿ ಜೊತೆಗಿಡಿ.

ಸರಿಯಾದ ಉತ್ತರ ಬಾರದಿದ್ದರೆ ಸ್ಕೋರ್ಸ್‌ನಲ್ಲಿ ಪ್ಯಾನ್ ಕೊಟ್ಟು ದೂರು ದಾಖಲಿಸಿ. ಶುಲ್ಕವಿಲ್ಲ. ಬ್ರೋಕರ್ 21 ದಿನದೊಳಗೆ ಉತ್ತರಿಸಬೇಕು. ತೃಪ್ತಿ ಇಲ್ಲದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಅಲ್ಲೂ ಆಗದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ವ್ಯಾಜ್ಯ ಬಗೆಹರಿಸುವ ತಾಣ ಇದೆ. ಮೊದಲು ಸಂಧಾನ, ಆಮೇಲೆ ಮಧ್ಯಸ್ಥಿಕೆ, ಎಲ್ಲ ಆನ್‌ಲೈನ್‌ನಲ್ಲೇ. ಒಂದು ವರ್ಷಕ್ಕಿಂತ ಹಳೆಯ ವಿಷಯವನ್ನು ಸ್ಕೋರ್ಸ್ ತೆಗೆದುಕೊಳ್ಳುವುದಿಲ್ಲ. ಆ ಮೊದಲ ವ್ಯವಹಾರ ಯಾವ ತಾರೀಖಿನದು ಎಂದು ಇವತ್ತೇ ನೋಡಿ.