ಜರ್ಮನಿಯ ವಿದ್ಯಾರ್ಥಿ ವೀಸಾ: ದಾವಣಗೆರೆಯ ಪದವೀಧರರೊಬ್ಬರಿಗೆ ಉತ್ತರ

ನಿಮ್ಮ ಪತ್ರ ಓದಿದೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿ, ಈಗ ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಬೇಕೆಂದಿದ್ದೀರಿ. ಕನ್ಸಲ್ಟೆನ್ಸಿಯೊಂದು ‘ವೀಸಾ ನಮ್ಮ ಜವಾಬ್ದಾರಿ’ ಎಂದಿದೆ. ಬ್ಲಾಕ್ಡ್ ಅಕೌಂಟಿಗೆ (ವೀಸಾಕ್ಕಾಗಿ ಮೊದಲೇ ಹಣ ತುಂಬಿ, ಆಮೇಲೆ ತಿಂಗಳಿಗೆ ಇಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆಗೆ) ತುಂಬಬೇಕಾದ ಹಣವನ್ನು ನಿಮ್ಮ ತಂದೆಯವರು ಪರಿಚಯದವರಿಂದ ಕೈಸಾಲವಾಗಿ ತರಲು ಸಿದ್ಧರಿದ್ದಾರೆ. ಅಲ್ಲಿ ಪಾರ್ಟ್ ಟೈಮ್ ದುಡಿದು ಆ ಸಾಲ ತೀರಿಸಬಹುದೇ, ಅರ್ಜಿಯಲ್ಲಿ ಏನು ಬರೆಯಬೇಕು, ವೀಸಾ ತಿರಸ್ಕೃತವಾದರೆ ಮುಂದೇನು ಎಂದು ಕೇಳಿದ್ದೀರಿ. ನಾನೂ ಇಲ್ಲಿಗೆ ಓದಲೆಂದೇ ಬಂದವನು; ಕೆಲಸ ಸಿಕ್ಕ ಮೇಲೆ ಸ್ಟುಟ್‌ಗಾರ್ಟಿನಲ್ಲೇ ನೆಲೆ ನಿಂತೆ. ನೀವು ಕೇಳಿದ ಕ್ರಮದಲ್ಲಿ ಉತ್ತರಿಸದೆ ಹಣದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಅದೊಂದೇ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಬ್ಲಾಕ್ಡ್ ಅಕೌಂಟಿನ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ ಆಗಿದೆ. ಅದಕ್ಕೆ ಮೊದಲು 11,208 ಇತ್ತು. ಈ ಅಂಕಿಯನ್ನು ಯಾರೋ ಅಂದಾಜಿನಲ್ಲಿ ಗೊತ್ತುಮಾಡಿದ್ದಲ್ಲ. ಇಲ್ಲಿನ ಸರ್ಕಾರ ತನ್ನದೇ ವಿದ್ಯಾರ್ಥಿಗಳಿಗೆ ಕೊಡುವ ‘ಬಾಫಾಗ್’ ನೆರವಿನ ಗರಿಷ್ಠ ಮಾಸಿಕ ಮೊತ್ತವೂ 992 ಯೂರೋ. ಅದು ಏರಿದಾಗ ವೀಸಾಕ್ಕೆ ತೋರಿಸಬೇಕಾದ ಹಣವೂ ಏರುತ್ತದೆ, ಆದ್ದರಿಂದ ಅರ್ಜಿ ಸಲ್ಲಿಸುವ ವಾರದಲ್ಲಿ ಅಂಕಿಯನ್ನು ಇನ್ನೊಮ್ಮೆ ಪರಿಶೀಲಿಸಿ. ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿದ್ದರೆ ಇದು ಸುಮಾರು ಹನ್ನೆರಡು ಲಕ್ಷ ರೂಪಾಯಿ. ಈ ಹಣ ಯಾರಿಗೂ ಕಟ್ಟುವ ಶುಲ್ಕವಲ್ಲ, ಅಧಿಕಾರಿಗೆ ತೋರಿಸಿ ಹಿಂದಕ್ಕೆ ಪಡೆಯುವ ಹಣವೂ ಅಲ್ಲ; ಮೊದಲ ವರ್ಷ ನೀವು ಊಟ ಮಾಡಿ, ಬಾಡಿಗೆ ಕಟ್ಟಿ, ವಿಮೆ ತೆತ್ತು ಬದುಕುವ ಹಣ.

ಕೈಸಾಲದ ತೊಡಕು ಇರುವುದೇ ಇಲ್ಲಿ. ಅಮೆರಿಕಕ್ಕೋ ಬೇರೆ ದೇಶಕ್ಕೋ ಹೋಗುವವರು ಕೆಲವು ವಾರಗಳ ಮಟ್ಟಿಗೆ ಯಾರದೋ ಹಣವನ್ನು ಖಾತೆಯಲ್ಲಿಟ್ಟು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಮರಳಿಸಿದ ಕತೆಗಳನ್ನು ನಿಮ್ಮ ತಂದೆಯವರು ಕೇಳಿರಬಹುದು. ಅದು ಎಲ್ಲಿಯೂ ಸರಿಯಲ್ಲ, ಜರ್ಮನಿಯ ವ್ಯವಸ್ಥೆಯಲ್ಲಂತೂ ಸಾಧ್ಯವೇ ಇಲ್ಲ. ಖಾತೆಗೆ ಬಿದ್ದ ಹಣ ನೀವು ಇಲ್ಲಿಗೆ ಬಂದು, ಮಾಮೂಲಿ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಹೊರಬರುತ್ತದೆ. ಎರಡು ತಿಂಗಳಲ್ಲಿ ವಾಪಸ್ ಕೊಡುವ ಮಾತಿನ ಮೇಲೆ ಸಾಲ ತಂದರೆ ಆ ಮಾತು ಉಳಿಯುವುದಿಲ್ಲ. ಪ್ರತಿ ತಿಂಗಳು ಬಂದದ್ದನ್ನು ಊರಿಗೆ ಕಳಿಸುತ್ತ ಹೋದರೆ ಇಲ್ಲಿ ನಿಮಗೆ ಉಣ್ಣಲು ಉಳಿಯುವುದಿಲ್ಲ. ಈ ಇಕ್ಕಟ್ಟಿಗೆ ಸಿಕ್ಕಿ, ಮೊದಲ ಸೆಮಿಸ್ಟರಿನಲ್ಲೇ ತರಗತಿ ಬಿಟ್ಟು ಗೋದಾಮಿನಲ್ಲಿ ರಾತ್ರಿ ಪಾಳಿಗೆ ಹೋಗುವ ಹುಡುಗರನ್ನು ನಾನು ಬಲ್ಲೆ. ಅವರ ಓದು ಹಿಂದೆ ಬೀಳುತ್ತದೆ, ಪರೀಕ್ಷೆಗಳು ಉಳಿದುಹೋಗುತ್ತವೆ, ಮುಂದೆ ವಾಸದ ಪರವಾನಗಿ ನವೀಕರಿಸುವಾಗ ಓದಿನ ಪ್ರಗತಿಯ ಪ್ರಶ್ನೆ ಏಳುತ್ತದೆ.

ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲವನ್ನೇ ಮಾಡಿ; ಓದು ಮುಗಿಯುವವರೆಗೆ ಕಂತು ಕಟ್ಟದಿರುವ ಅವಕಾಶ ಅದರಲ್ಲಿರುತ್ತದೆ. ಸಾಲ ಮಂಜೂರಾದ ಪತ್ರವೊಂದೇ ಬ್ಲಾಕ್ಡ್ ಅಕೌಂಟಿನ ಸ್ಥಾನ ತುಂಬುವುದಿಲ್ಲ, ಹಣ ಆ ಖಾತೆಗೆ ವರ್ಗಾವಣೆಯಾಗಿ ದೃಢೀಕರಣ ಪತ್ರ ಬರಬೇಕು. ಹೀಗಾಗಿ ಬ್ಯಾಂಕಿನವರ ಜೊತೆ ಮಾತನಾಡುವಾಗಲೇ, ವೀಸಾ ಸಿಗುವ ಮೊದಲು ಜೀವನ ವೆಚ್ಚದ ಭಾಗವನ್ನು ಬಿಡುಗಡೆ ಮಾಡುತ್ತೀರಾ ಎಂದು ಸ್ಪಷ್ಟವಾಗಿ ಕೇಳಿ. ಆಗುವುದಿಲ್ಲ ಎನ್ನುವ ಶಾಖೆಗಳೂ ಇವೆ. ಇಂಥ ಸಾಲದಿಂದ ಕಳಿಸುವ ಹಣಕ್ಕೆ 2025ರ ಏಪ್ರಿಲಿನಿಂದ ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ, ಇಲ್ಲ. ಸ್ವಂತ ಹಣ ಕಳಿಸಿದರೆ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಮಾತ್ರ ಟಿಸಿಎಸ್ ಹಿಡಿಯುತ್ತಾರೆ. ಅದು ಯಾರ ಪ್ಯಾನ್ ಸಂಖ್ಯೆಯಲ್ಲಿ ಕಳಿಸಿದಿರೋ ಅವರ ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಾಣಿಕೆಯಾಗುತ್ತದೆ.

ಇಲ್ಲಿರುವ ಬಂಧುಗಳು ಸಹಿ ಹಾಕಿದರೆ ಬ್ಲಾಕ್ಡ್ ಅಕೌಂಟ್ ಬೇಡವಂತೆ ಎಂದೂ ಬರೆದಿದ್ದೀರಿ. ಅಂಥ ದಾರಿ ಇದೆ. ಜರ್ಮನಿಯಲ್ಲಿ ವಾಸವಿರುವವರು ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ತಮ್ಮ ವರಮಾನದ ದಾಖಲೆ ಕೊಟ್ಟು, ನಿಮ್ಮ ಖರ್ಚಿನ ಹೊಣೆ ತಮ್ಮದೆಂದು ಅಧಿಕೃತ ಪತ್ರ ಬರೆದುಕೊಡಬಹುದು. ಆದರೆ ಆ ಹೊಣೆ ಐದು ವರ್ಷಗಳವರೆಗೆ ಕಾನೂನಿನ ಪ್ರಕಾರ ಅವರನ್ನು ಕಟ್ಟಿಹಾಕುತ್ತದೆ. ಆ ಅವಧಿಯಲ್ಲಿ ನಿಮಗಾಗಿ ಸರ್ಕಾರದ ಹಣ ಖರ್ಚಾದರೆ ಅದನ್ನು ಅವರಿಂದಲೇ ವಸೂಲಿ ಮಾಡುತ್ತಾರೆ. ಮದುವೆ ಮನೆಯಲ್ಲಿ ಎರಡು ಸಲ ಕಂಡ ದೂರದ ಚಿಕ್ಕಪ್ಪನನ್ನು ಇದಕ್ಕಾಗಿ ಪೀಡಿಸಬೇಡಿ. ಅವರು ಹಿಂಜರಿದರೆ ಅದನ್ನು ಜಿಪುಣತನವೆಂದು ತಿಳಿಯುವುದೂ ಸರಿಯಲ್ಲ.

ಪಾರ್ಟ್ ಟೈಮ್ ಕೆಲಸದ ಲೆಕ್ಕಕ್ಕೆ ಬರೋಣ. 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ದಿನಕ್ಕೆ ಎಂಟು ಗಂಟೆಯಂತೆ ಗುಣಿಸಿ ನೋಡಿದರೆ ಹದಿನೈದು ಸಾವಿರ ಯೂರೋ ದಾಟುತ್ತದೆ, ಕನ್ಸಲ್ಟೆನ್ಸಿಯವರು ನಿಮಗೆ ತೋರಿಸಿದ್ದೂ ಬಹುಶಃ ಇದೇ ಗುಣಾಕಾರ. ಆದರೆ ಪಾಠ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮೀರಿದರೆ ವಿದ್ಯಾರ್ಥಿಯೆಂಬ ವಿಮಾ ರಿಯಾಯಿತಿ ತಪ್ಪುತ್ತದೆ, ಜರ್ಮನ್ ಬಾರದವರಿಗೆ ತಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲಸ ಬೇಗ ಸಿಗುವುದಿಲ್ಲ, ಮೊದಲ ಸೆಮಿಸ್ಟರಂತೂ ಮನೆ ಹುಡುಕುವುದರಲ್ಲಿ, ಕಚೇರಿಗಳಿಗೆ ಅಲೆಯುವುದರಲ್ಲಿ, ಇಲ್ಲಿನ ಪರೀಕ್ಷಾ ಪದ್ಧತಿಗೆ ಒಗ್ಗುವುದರಲ್ಲಿ ಕಳೆಯುತ್ತದೆ. ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರ ಸಹಾಯಕರಾಗಿ ಮಾಡುವ ‘ಹಿವಿ’ ಕೆಲಸ ಈ 140 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ. ಎರಡನೆಯ ಸೆಮಿಸ್ಟರಿನಿಂದ ಅದಕ್ಕೆ ಪ್ರಯತ್ನಿಸಿ. ಮೊದಲ ವರ್ಷದ ಗಳಿಕೆಯನ್ನು ಸೊನ್ನೆಯೆಂದು ಹಿಡಿದೇ ಲೆಕ್ಕ ಹಾಕಿ, ಬಂದದ್ದು ಹೆಚ್ಚುವರಿಯಾಗಲಿ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಮಾತೂ ಎಲ್ಲೆಡೆ ನಿಜವಲ್ಲ. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವವರಿಗೆ ಶುಲ್ಕ ಗೊತ್ತುಮಾಡಿದೆ. ತಿಂಗಳ 992 ಯೂರೋದಲ್ಲಿ ಇದು ಹಿಡಿಸುವುದಿಲ್ಲ. ಕೋಣೆಯ ಬಾಡಿಗೆ, 140 ಯೂರೋ ಮೀರುವ ಆರೋಗ್ಯ ವಿಮೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋದ ಪ್ರಸಾರ ಶುಲ್ಕ, ದಿನಸಿ ಇಷ್ಟಕ್ಕೇ ಅದು ಮುಗಿಯುತ್ತದೆ. ಸ್ಟುಟ್‌ಗಾರ್ಟ್, ಮ್ಯೂನಿಕ್‌ನಂಥ ನಗರಗಳಲ್ಲಿ ವಾಹನ ಕಾರ್ಖಾನೆಗಳ ಹೆಸರು ನೋಡಿ ಮನಸ್ಸಿಡುವ ಮೊದಲು ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಪೂರ್ವದ ಊರುಗಳನ್ನೂ ನೋಡಿ. ಓದು ಅಲ್ಲಿ ಮಾಡಿ ಕೆಲಸಕ್ಕೆ ಇತ್ತ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನು ಕಾಗದಪತ್ರ. ಎಲ್ಲಕ್ಕಿಂತ ಮೊದಲು ಎಪಿಎಸ್ ಪ್ರಮಾಣಪತ್ರ. ಭಾರತದಲ್ಲಿ ಪಡೆದ ಅಂಕಪಟ್ಟಿ, ಪದವಿಗಳು ಅಸಲಿಯೇ ಎಂದು ಪರಿಶೀಲಿಸುವ ಈ ಕೇಂದ್ರ ದಿಲ್ಲಿಯಲ್ಲಿದೆ. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ, ಶುಲ್ಕ 18,000 ರೂಪಾಯಿ. ಪ್ರವೇಶಕ್ಕೇ ಇದನ್ನು ಕೇಳುವ ವಿಶ್ವವಿದ್ಯಾಲಯಗಳಿವೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಅದಕ್ಕೆ ಅರ್ಜಿಯ ಸಾಮಾನ್ಯ ಕೊನೆಯ ದಿನ ಜುಲೈ 15. ಆದರೆ ಇಂಗ್ಲಿಷ್ ಮಾಧ್ಯಮದ ಅನೇಕ ಕೋರ್ಸುಗಳು ಹೊರದೇಶದವರ ಅರ್ಜಿಯನ್ನು ಅದಕ್ಕೂ ಕೆಲವು ತಿಂಗಳು ಮೊದಲೇ ಮುಗಿಸಿಬಿಡುತ್ತವೆ. ಆದ್ದರಿಂದ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವುದು, ಎಪಿಎಸ್‌ಗೆ ಕಳಿಸುವುದು, ಐಇಎಲ್‌ಟಿಎಸ್ ಬರೆಯುವುದು ಈ ಮೂರನ್ನೂ ಹಿಂದಿನ ವರ್ಷವೇ ಮುಗಿಸಿಕೊಳ್ಳಬೇಕು.

ನಮ್ಮ ಕಡೆಯವರಿಗೆ ಹೆಚ್ಚಾಗಿ ಬರುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಇರುತ್ತದೆ, ಪದವಿ ಪತ್ರದಲ್ಲಿ ಅದು ಹೆಸರಿನ ಮುಂದಕ್ಕೆ ಹೋಗಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇರುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿದ್ದಿರುತ್ತದೆ. ಜರ್ಮನಿಯ ಪ್ರತಿಯೊಂದು ನಮೂನೆಯೂ ಕುಲನಾಮವನ್ನು ಬೇರೆಯಾಗಿ ಕೇಳುತ್ತದೆ. ಪಾಸ್‌ಪೋರ್ಟಿನಲ್ಲಿ ತಿದ್ದುಪಡಿ ಮಾಡಿಸುವುದಿದ್ದರೆ ಎಪಿಎಸ್‌ಗೆ ಹಾಕುವ ಮೊದಲೇ ಮಾಡಿಸಿ. ಆಮೇಲೆ ಬ್ಲಾಕ್ಡ್ ಅಕೌಂಟ್, ವಿಮೆ, ಪ್ರವೇಶ ಪತ್ರ ಎಲ್ಲದರಲ್ಲೂ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಬಳಸಿ. ಹಳೆಯ ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂದು ನೋಟರಿಯ ಅಫಿಡವಿಟ್ ಒಂದನ್ನು ಇಂಗ್ಲಿಷಿನಲ್ಲಿ ಮಾಡಿಸಿಟ್ಟುಕೊಳ್ಳಿ.

ಈ ಕೋರ್ಸ್ ಯಾಕೆ ಬೇಕೆಂದು ಅರ್ಜಿಯ ಜೊತೆ ಬರೆದುಕೊಡುವ ಪ್ರೇರಣಾ ಪತ್ರದಲ್ಲಿ ಏನು ಬರೆಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ನಿಮ್ಮ ಪತ್ರದಲ್ಲಿ ನನಗೆ ಬರೆದದ್ದನ್ನೇ ಬರೆಯಿರಿ. ಪೀಣ್ಯದಲ್ಲಿ ಸಿಎನ್‌ಸಿ ಯಂತ್ರಗಳ ಮೇಲೆ ಕೆಲಸ ಮಾಡುವಾಗ ಉತ್ಪಾದನಾ ತಂತ್ರಜ್ಞಾನವನ್ನು ಆಳವಾಗಿ ಓದಬೇಕೆನಿಸಿತು ಎಂದಿದ್ದೀರಿ. ಕಡತವನ್ನು ಓದುವ ಅಧಿಕಾರಿಗೆ ಬೇಕಾಗಿರುವುದು ಹಿಂದಿನ ಓದು, ಕೆಲಸ, ಆರಿಸಿದ ಕೋರ್ಸ್ ಇವುಗಳ ನಡುವಿನ ಈ ನಂಟು. ಆ ಕೋರ್ಸಿನಲ್ಲಿರುವ ಎರಡು ಮೂರು ವಿಷಯಗಳನ್ನು ಹೆಸರಿಸಿ, ಅವು ನಿಮಗೆ ಯಾಕೆ ಬೇಕೆಂದು ಹೇಳಿ. ನಡುವೆ ಆರು ತಿಂಗಳು ಕೆಎಎಸ್ ಪರೀಕ್ಷೆಗೆ ಓದಿದ್ದನ್ನು ಮುಚ್ಚಿಡಿ ಎಂದು ನಿಮಗೆ ಸಲಹೆ ಕೊಟ್ಟವರ ಮಾತು ಕೇಳಬೇಡಿ. ಕಾರಣ ತಿಳಿಸಿದ ಬಿಡುವಿನಿಂದ ತೊಂದರೆಯಾಗುವುದಿಲ್ಲ, ತಿಂಗಳುಗಳ ಲೆಕ್ಕ ತಾಳೆಯಾಗದ ರೆಸ್ಯೂಮೆಯಿಂದ ಆಗುತ್ತದೆ. ‘ಜರ್ಮನಿಯ ಶ್ರೀಮಂತ ಸಂಸ್ಕೃತಿ ನನ್ನನ್ನು ಬಾಲ್ಯದಿಂದ ಸೆಳೆದಿದೆ’ ಎಂಬಂಥ ಸಾಲುಗಳು ಕನ್ಸಲ್ಟೆನ್ಸಿಗಳ ಅಚ್ಚಿನಲ್ಲಿ ತಯಾರಾಗುವವು, ಒಂದೇ ದಿನ ಅಂಥ ಹತ್ತು ಪತ್ರ ಓದುವವರಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಕನ್ಸಲ್ಟೆನ್ಸಿಯ ಭರವಸೆಗೆ ಅರ್ಥವಿಲ್ಲ. ವೀಸಾ ಕೊಡುವ ಅಧಿಕಾರ ದೂತಾವಾಸದ್ದು. ವಿಎಫ್‌ಎಸ್ ಕೇಂದ್ರಕ್ಕೂ ಅದಿಲ್ಲ, ಅದು ಕಾಗದ ಮತ್ತು ಬೆರಳಚ್ಚು ಪಡೆದು ಮುಂದಕ್ಕೆ ಕಳಿಸುವ ಜಾಗ. ಸರ್ಕಾರಿ ವಿಶ್ವವಿದ್ಯಾಲಯಗಳು ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದಿಲ್ಲ. ಆದ್ದರಿಂದ ನಿಮ್ಮಂಥ ಒಳ್ಳೆಯ ಅಂಕಗಳಿರುವವರಿಗೂ ದುಬಾರಿ ಖಾಸಗಿ ಸಂಸ್ಥೆಯನ್ನೇ ಮುಂದೊಡ್ಡಿದರೆ ಕಾರಣ ಊಹಿಸಿಕೊಳ್ಳಿ. ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸೇವಾ ಪೋರ್ಟಲಿನಲ್ಲಿ ನೀವೇ ತುಂಬಬಹುದು. ಶುಲ್ಕ 75 ಯೂರೋ, ಅದನ್ನು ರೂಪಾಯಿಯಲ್ಲಿ ಕಟ್ಟಬೇಕು. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಜರ್ಮನ್ ದೂತಾವಾಸ ಇರುವುದು ನಮಗೊಂದು ಅನುಕೂಲ. ಕನ್ಸಲ್ಟೆನ್ಸಿಗೆ ಕೊಡುವ ಹಣವನ್ನು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲು ಕಟ್ಟಿದರೆ ಇಲ್ಲಿ ಬಂದ ಮೊದಲ ವಾರದಿಂದಲೇ ಅದರ ಫಲ ಕಾಣುತ್ತೀರಿ.

ತಿರಸ್ಕಾರವಾದರೆ ಏನು ಎಂಬುದಕ್ಕೆ ಹಳೆಯ ವಿಡಿಯೋಗಳು ಹೇಳುವ ಉತ್ತರ ಈಗ ನಡೆಯುವುದಿಲ್ಲ. ಕಾರಣ ವಿವರಿಸಿ ದೂತಾವಾಸಕ್ಕೇ ಮರುಪರಿಶೀಲನೆಯ ಮನವಿ ಸಲ್ಲಿಸುವ ಪದ್ಧತಿಯನ್ನು 2025ರ ಜುಲೈ 1ರಿಂದ ಎಲ್ಲ ದೇಶಗಳಲ್ಲೂ ಕೈಬಿಟ್ಟಿದ್ದಾರೆ. ಉಳಿದಿರುವುದು ಎರಡು ದಾರಿ: ಒಂದು ತಿಂಗಳೊಳಗೆ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವುದು, ಇಲ್ಲವೇ ಕೊರತೆ ಸರಿಪಡಿಸಿ ಹೊಸ ಅರ್ಜಿ ಹಾಕುವುದು. ನಿಮ್ಮಂಥವರಿಗೆ ಎರಡನೆಯದೇ ಸರಿ, ಏಕೆಂದರೆ ನ್ಯಾಯಾಲಯದ ತೀರ್ಪು ಬರುವ ಹೊತ್ತಿಗೆ ಸೆಮಿಸ್ಟರ್ ಕಳೆದುಹೋಗಿರುತ್ತದೆ. ಬ್ಲಾಕ್ಡ್ ಅಕೌಂಟಿನ ಹಣ ತಿರಸ್ಕಾರ ಪತ್ರ ತೋರಿಸಿದರೆ ವಾಪಸ್ ಬರುತ್ತದೆ, ಸೇವಾ ಶುಲ್ಕವನ್ನು ಸಾಮಾನ್ಯವಾಗಿ ಮುರಿದುಕೊಳ್ಳುತ್ತಾರೆ.

ವೀಸಾ ಬಂದರೆ, ವಿಮಾನದ ಟಿಕೆಟ್, ಪ್ರಯಾಣ ವಿಮೆ, ವೀಸಾ ಮೂರೂ ಆರಂಭವಾಗುವ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿಯಿರುವ ಪತ್ರ ಬೇಕು. ನಂತರ ಬ್ಯಾಂಕ್ ಖಾತೆ, ಅದರ ನಂತರವೇ ಬ್ಲಾಕ್ಡ್ ಅಕೌಂಟಿನ ಮೊದಲ ಕಂತು. ಈ ನಡುವೆ ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಬಹುದು. ಆದ್ದರಿಂದ ಬ್ಲಾಕ್ಡ್ ಅಕೌಂಟಿನ ಹೊರಗೆ ಎರಡು ಸಾವಿರ ಯೂರೋದಷ್ಟು ಹಣವನ್ನು ಫಾರೆಕ್ಸ್ ಕಾರ್ಡಿನಲ್ಲಿ ಹಾಕಿಕೊಂಡು ಬನ್ನಿ, ತಂದೆಯವರ ಜೊತೆ ಲೆಕ್ಕಕ್ಕೆ ಕೂರುವಾಗ ಈ ಮೊತ್ತವನ್ನೂ ಸೇರಿಸಿಯೇ ಕೂರಿ.