ಹಳೆಯ ಡ್ರಿಲ್ಲಿಂಗ್ ಯಂತ್ರಕ್ಕೆ ಬೇರೆ ಟೇಬಲ್ ಹೊಂದೀತೇ?

ಪ್ರಶ್ನೆ: ಗುಜರಿಯಲ್ಲಿ ಕೊಂಡ ಪಿಲ್ಲರ್ ಡ್ರಿಲ್ಲಿಂಗ್ ಯಂತ್ರಕ್ಕೆ ಟೇಬಲ್ಲೂ ಅದನ್ನು ಹಿಡಿಯುವ ಬ್ರಾಕೆಟ್ಟೂ ಇಲ್ಲ, ತಯಾರಕರ ಹೆಸರೂ ಅಳಿಸಿದೆ. ಬೇರೆ ಯಂತ್ರದ ಬಿಡಿಭಾಗಗಳನ್ನು ಹೊಂದಿಸಬಹುದೇ?

ಉತ್ತರ: ಖಂಡಿತ ಹೊಂದಿಸಬಹುದು, ಅಂಥ ಗಟ್ಟಿ ಎರಕದ ಯಂತ್ರವನ್ನು ಉಳಿಸಿಕೊಳ್ಳುವುದು ಸಾರ್ಥಕ. ಹೆಸರಿಗಿಂತ ಕಂಬದ ವ್ಯಾಸವೇ ಮುಖ್ಯವಾದ್ದರಿಂದ, ತುಕ್ಕನ್ನು ಉಜ್ಜಿ ತೆಗೆದು, ವರ್ನಿಯರ್ ಕ್ಯಾಲಿಪರ್‌ನಿಂದ ಮೇಲೆ, ನಡುವೆ, ಕೆಳಗೆ ಅಳೆಯಿರಿ. 69.85 ಮಿ.ಮೀ. ಬಂದರೆ ಅದು 2¾ ಇಂಚಿನ ಕಂಬ, 70 ಮಿ.ಮೀ. ಕಂಬದ ಬ್ರಾಕೆಟ್ ಅದರ ಮೇಲೆ ಸಲೀಸಾಗಿ ಇಳಿದು, ಸೀಳಿನ ಬೋಲ್ಟ್ ಬಿಗಿದಾಗ ಭದ್ರವಾಗಿ ಹಿಡಿದುಕೊಳ್ಳುತ್ತದೆ. ಬ್ರಾಕೆಟ್ಟಿನ ರಂಧ್ರ ಇನ್ನೂ ದೊಡ್ಡದಿದ್ದರೆ ಬೋಲ್ಟನ್ನು ಬಲವಂತವಾಗಿ ಬಿಗಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಬದಲಿಗೆ ಲೇತ್‌ನಲ್ಲಿ ಉಕ್ಕಿನ ಬುಷ್ (ಕಂಬಕ್ಕೂ ರಂಧ್ರಕ್ಕೂ ನಡುವಿನ ಜಾಗ ತುಂಬುವ ಕೊಳವೆ) ಮಾಡಿಸಿ, ಅದನ್ನು ಉದ್ದಕ್ಕೆ ಒಂದು ಕಡೆ ಸೀಳಿಸಿ. ಕೊನೆಗೆ, ಟೇಬಲ್ ಡ್ರಿಲ್ಲಿಗೆ ಲಂಬವಾಗಿದೆಯೇ ಎಂದು ನೋಡಲು ಪ್ಲಗ್ ಕಿತ್ತು, ಬಗ್ಗಿಸಿದ ಸರಳನ್ನು ಡ್ರಿಲ್ ಬಿಟ್ ಹಿಡಿಯುವ ಚಕ್‌ಗೆ ಕಚ್ಚಿಸಿ ಕೈಯಿಂದ ತಿರುಗಿಸಿ. ಅದರ ತುದಿಗೂ ಟೇಬಲ್ಲಿಗೂ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು.