ಕಾರಿಲ್ಲದಿದ್ದರೂ ನಡೆಯುತ್ತೆ, ಬಾಗಿಲು ಬೇಕು

"ಅಕ್ಕ, ಶಿಕಾಗೋದ ಪ್ರಿಂಟರ್ಸ್ ರೋನಲ್ಲಿ ಒಂದು ಲಾಫ್ಟ್, ಅಂದರೆ ಒಳಗೋಡೆಗಳಿಲ್ಲದೆ ಒಂದೇ ದೊಡ್ಡ ಕೋಣೆಯಂತಿರುವ ಮನೆ, ನೋಡಿದ್ದೇವೆ. ಇಬ್ಬರಿಗೂ ಆಫೀಸಿಗೆ ನಡೆದೇ ಹೋಗಬಹುದು. ಕಾರು ತಗೊಳ್ಳದೆ ಅಲ್ಲಿ ಬದುಕೋಕೆ ಆಗುತ್ತಾ?" ಅಂತ ಮೈಸೂರಿನ ಸರಸ್ವತಿಪುರಂನಿಂದ ಬರೆದಿದ್ದೀಯ.

ಧಾರಾಳವಾಗಿ ಆಗುತ್ತದೆ. ನಾವು ಇವತ್ತಿಗೂ ಕಾರು ತಗೊಂಡಿಲ್ಲ. ಹೇಳಿಕೊಳ್ಳುವಾಗ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡು. ಮೈಸೂರಿಗೆ ಬಂದಾಗ "ಅಮೆರಿಕದಲ್ಲಿದ್ದೂ ಕಾರಿಲ್ವಾ?" ಅಂತ ಕೇಳದ ನೆಂಟರೇ ಇಲ್ಲ.

ಓಡಾಟದ ಚಿಂತೆ ಬೇಡ. ಇಲ್ಲಿನ ಸಿಟಿ ರೈಲುಗಳಲ್ಲಿ ರೆಡ್ ಲೈನ್, ಬ್ಲೂ ಲೈನ್ ಎರಡೂ ದಿನದ 24 ಗಂಟೆ ಓಡುತ್ತವೆ. ಬ್ಲೂ ಲೈನ್ ನೇರ ಓಹೇರ್ ಏರ್‌ಪೋರ್ಟ್‌ಗೇ ಹೋಗುತ್ತದೆ. ಆದರೆ ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಇಲ್ಲ. ನಾನು ಬಂದಿಳಿದ ರಾತ್ರಿ, ಅಮ್ಮ ಹುಳಿಪುಡಿ, ಉಪ್ಪಿನಕಾಯಿ ತುಂಬಿಕೊಟ್ಟ ಸೂಟ್‌ಕೇಸನ್ನು ಮೆಟ್ಟಿಲು ಹತ್ತಿಸಿದ್ದು ಇನ್ನೂ ಮರೆತಿಲ್ಲ. ಬಾಡಿಗೆ ಸೈಕಲ್ಲಿಗೆ ಡಿವ್ವಿ ಇದೆ, ನಮ್ಮ ಮೈಸೂರಿನ ಟ್ರಿಣ್ ಟ್ರಿಣ್ ಥರವೇ. ದಿನಸಿಗೆ ರೆಡ್ ಲೈನ್‌ನಲ್ಲಿ ಲಯೋಲಾವರೆಗೆ ಹೋಗಿ 155 ನಂಬರ್ ಬಸ್ ಹತ್ತಿದರೆ ನಮ್ಮ ದೇಶದವರ ಅಂಗಡಿಗಳಿರುವ ಡಿವಾನ್ ಅವೆನ್ಯೂ. ಕರಿಬೇವಿನವರೆಗೂ ಎಲ್ಲ ಸಿಗುತ್ತದೆ.

ಚಳಿ ಬಗ್ಗೆ ಹೇಳಿ ಪ್ರಯೋಜನವಿಲ್ಲ. 2019ರ ಜನವರಿ 30ರಂದು ಇಲ್ಲಿ ಮೈನಸ್ 30 ಸೆಲ್ಸಿಯಸ್ ಇತ್ತು. ಪ್ಲಾಟ್‌ಫಾರ್ಮ್‌ನಲ್ಲಿ ಗುಂಡಿ ಒತ್ತಿದರೆ ತಲೆ ಮೇಲೆ ಹೀಟರ್ ಹತ್ತಿಕೊಳ್ಳುತ್ತದೆ. ಗುರುತು ಪರಿಚಯ ಇಲ್ಲದವರೆಲ್ಲ ಅದರ ಕೆಳಗೆ ಒತ್ತಿಕೊಂಡು ನಿಂತಿರುತ್ತಾರೆ. ಬೂಟ್ಸ್ ಅಲ್ಲಿ ಕೊಳ್ಳಬೇಡ, ಇಲ್ಲೇ ತಗೋ.

ನನಗೆ ಹೇಳಬೇಕಿರುವುದು ಮನೆ ವಿಷಯ. ಪ್ರಿಂಟರ್ಸ್ ರೋ ಕಟ್ಟಡಗಳಲ್ಲಿ 1880ರ ದಶಕದಿಂದ ಪ್ರೆಸ್ಸುಗಳಿದ್ದವು. ಮೆಷಿನ್ ಭಾರ ಹೊರಲು ಗಟ್ಟಿ ನೆಲ, ಬೆಳಕಿಗೆ ದೊಡ್ಡ ಕಿಟಕಿ. 1970ರ ದಶಕದ ಕೊನೆಯಿಂದ ಅವನ್ನು ಮನೆ ಮಾಡತೊಡಗಿದರು. ಇಟ್ಟಿಗೆ ಗೋಡೆ, ಎತ್ತರದ ಸೂರು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನಮ್ಮದೂ ಅಂಥದ್ದೇ ಲಾಫ್ಟ್. ಬಚ್ಚಲಿಗೆ ಬಿಟ್ಟರೆ ಎಲ್ಲೂ ಬಾಗಿಲಿಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಹಾಸಿಗೆಯಲ್ಲಿದ್ದವರಿಗೆ ಕೆಮ್ಮು, ಮೇಲೆ ಸ್ಮೋಕ್ ಅಲಾರಂ ಬೊಬ್ಬೆ.

ಇಬ್ಬರೇ ಇರುವಾಗ ಅದೆಲ್ಲ ತಮಾಷೆ. ಅಪ್ಪ ಅಮ್ಮ ಬಂದಾಗ ಗೊತ್ತಾಯಿತು. ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದ ಅಪ್ಪನಿಗೆ ಮಿಶಿಗನ್ ಸರೋವರದ ದಂಡೆ ಸಿಕ್ಕಿತು. 18 ಮೈಲಿ ಹಾದಿ, ಅವರು ಖುಷಿಯಾಗಿದ್ದರು. ಅಮ್ಮ ಬೆಳಿಗ್ಗೆ ಐದಕ್ಕೆಲ್ಲ ಏಳುವವರು. ನಮ್ಮ ಮನೆಯವರಿಗೆ ಆಗ ರಾತ್ರಿ ಪಾಳಿ, ಬೆಳಗಿನ ಜಾವ ಬಂದು ಮಲಗುತ್ತಿದ್ದರು. ನಲ್ಲಿ ತಿರುಗಿಸಿದರೆ ಅಳಿಯಂದಿರಿಗೆ ಎಚ್ಚರವಾದೀತು ಅಂತ ಅಮ್ಮ ಕಾಫಿಗೂ ನೀರಿಡದೆ, ದೀಪ ಹಾಕದೆ, ಸೆರಗು ಹೊದ್ದು ಕಿಟಕಿ ಪಕ್ಕ ಕೂತಿರುತ್ತಿದ್ದರು. ಪರದೆ ಕಟ್ಟಿದೆವು. ಪರದೆ ಬಾಗಿಲಾಗುತ್ತಾ? ಆರು ತಿಂಗಳಿಗೆ ಅಂತ ಬಂದವರು ಗೌರಿ ಹಬ್ಬಕ್ಕೆ ಮನೆಯಲ್ಲಿರಬೇಕು ಅಂತ ಹೊರಟೇಬಿಟ್ಟರು. ನಮ್ಮ ಕಡೆ ಅಮ್ಮಂದಿರು ತೊಂದರೆ ಆಯ್ತು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ನಿನಗೆ ಗೊತ್ತಲ್ಲ. ಆಮೇಲೆ ಇದೇ ಬೀದಿಯಲ್ಲಿ ಬೇರೆ ರೂಮಿರುವ ಮನೆ ಹಿಡಿದೆವು. ಅಷ್ಟರಲ್ಲಿ ಅಪ್ಪನಿಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾಗದು ಅಂದರು. ಆ ರೂಮಿನಲ್ಲಿ ಈಗ ಬಟ್ಟೆ ಒಣಗುತ್ತದೆ.

ನಮ್ಮವರು ಜಾಸ್ತಿ ಇರುವುದು ಶಿಕಾಗೋದ ಹೊರವಲಯದ ನೇಪರ್‌ವಿಲ್ ಕಡೆ, ಬಾಲಾಜಿ ದೇವಸ್ಥಾನ ಅದರ ಪಕ್ಕದ ಅರೋರಾದಲ್ಲಿ. ಯೂನಿಯನ್ ಸ್ಟೇಷನ್‌ನಿಂದ ಮೆಟ್ರಾ ರೈಲಿದೆ, ಇಳಿದ ಮೇಲೆ ಕ್ಯಾಬ್. ಲೈಸೆನ್ಸ್ ಮಾತ್ರ ಮಾಡಿಸಿಕೋ, ಹಬ್ಬಹುಣ್ಣಿಮೆಗೆ ಬಾಡಿಗೆ ಕಾರು ಸಾಕು. ಪ್ರತಿ ಸಲ "ನಮ್ಮನ್ನೂ ಕರ್ಕೊಂಡು ಹೋಗ್ತೀರಾ" ಅಂತ ಕೇಳುವುದು ಚೆನ್ನಾಗಿರಲ್ಲ.

ಬಾಡಿಗೆ ಕರಾರಿಗೆ ಸೈನ್ ಹಾಕುವ ಮುಂಚೆ ಹೀಟಿಂಗ್ ಯಾರ ಖರ್ಚು ಅಂತ ಕೇಳು. ಓನರೇ ಕೊಡುವುದಾದರೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು ಹೊತ್ತು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್, ಇಡಬೇಕು ಅಂತ ಶಿಕಾಗೋದಲ್ಲಿ ನಿಯಮವಿದೆ. ನಿಮ್ಮ ಖರ್ಚೇ ಆದರೆ ಹೋದ ಚಳಿಗಾಲದ ಬಿಲ್ ತೋರಿಸಿ ಅನ್ನು. ಎತ್ತರದ ಸೂರಿನ ಮನೆಯಲ್ಲಿ ಬಿಸಿಗಾಳಿಯೆಲ್ಲ ಮೇಲೇ ಹೋಗಿ ಕೂರುತ್ತದೆ. ಮನೆ ಪ್ಲಾನ್ ಇದ್ದರೆ ಕಳಿಸು, ನಾನೂ ಒಮ್ಮೆ ನೋಡುತ್ತೇನೆ.